ಗೆಳೆಯನನ್ನು ಇಗರ್ಜಿಗೆ (ಚರ್ಚಿಗೆ) ಕರೆದುಕೊಂಡು ಹೋಗಬೇಕು, ಅಡ್ಡ ಏಳು ಮೆಟ್ಟಿಲು

ಪುನರ್ಪುಳಿ | ಭಾನುವಾರ ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ನಾನು ಬೆಳ್ತಂಗಡಿ ಕಡೆಯವನು. ಇಲ್ಲಿ ಬೇರೆ ಬೇರೆ ಊರಿನ, ಬೇರೆ ಬೇರೆ ಕ್ರೈಸ್ತ ಸಭೆಯ ಜನ ಇದ್ದೀರಿ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನನ್ನ ಬಾಲ್ಯದ ಗೆಳೆಯ ಮೂರು ವರ್ಷದ ಹಿಂದೆ ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುವಾಗ ಮರದಿಂದ ಜಾರಿ ಬಿದ್ದ. ಬೆನ್ನುಹುರಿಗೆ ಪೆಟ್ಟು. ಸೊಂಟದಿಂದ ಕೆಳಗೆ ಬಲ ಇಲ್ಲ, ಮುಟ್ಟಿದ್ದೂ ಗೊತ್ತಾಗುವುದಿಲ್ಲ. ಕೈ ಗಟ್ಟಿ ಇದೆ, ಬಾಯಿ ಅದಕ್ಕಿಂತ ಗಟ್ಟಿ. ವೀಲ್‌ಚೇರ್‌ನಲ್ಲಿ ಮನೆಯೊಳಗೆ, ಜಗಲಿಯಲ್ಲಿ ಓಡಾಡುತ್ತಾನೆ. ಬೀಳುವವರೆಗೆ ಒಂದು ಭಾನುವಾರ ಇಗರ್ಜಿ ತಪ್ಪಿಸಿದವನಲ್ಲ. ಆಮೇಲೆ ಹೋಗಿದ್ದು ಎರಡೇ ಸಲ, ತಂಗಿಯ ಮದುವೆಗೆ ಒಮ್ಮೆ, ಅಪ್ಪ ತೀರಿಕೊಂಡಾಗ ಒಮ್ಮೆ. ಎರಡು ಸಲವೂ ನಾಲ್ಕು ಜನ ಕುರ್ಚಿ ಸಮೇತ ಎತ್ತಿಕೊಂಡು ಹೋದೆವು.

ತಿಂಗಳ ಮೊದಲ ಶುಕ್ರವಾರ ಫಾದರ್ ಮನೆಗೇ ಪರಮಪ್ರಸಾದ ತರುತ್ತಾರೆ. ಅದರಲ್ಲಿ ಕೊರತೆ ಇಲ್ಲ. ಆದರೆ ಕಳೆದ ಮೊಂತಿ ಹಬ್ಬದ (ಮರಿಯಮ್ಮನ ಹುಟ್ಟುಹಬ್ಬ, ಹೊಸ ತೆನೆಯ ಹಬ್ಬ) ದಿನ ನಡೆದದ್ದು ಇನ್ನೂ ಮನಸ್ಸಿನಿಂದ ಹೋಗಿಲ್ಲ. ಇಗರ್ಜಿಯ ವಾರ್ಡಿನವರು ಅವನ ಮನೆಯ ಪಾಲಿನ ತೆನೆ, ಕಬ್ಬು ತಂದು ಗೇಟಿಗೆ ಸಿಕ್ಕಿಸಿ ಹೋಗಿದ್ದರು. ಮಳೆ ಇತ್ತು, ಇನ್ನೂ ಹತ್ತು ಮನೆ ಬಾಕಿ ಇತ್ತು, ಬೈಯುವುದಿಲ್ಲ. ನಾನು ಹೋದಾಗ ತೆನೆಯ ತೊಟ್ಟೆಯೊಳಗೆ ನೀರು ತುಂಬಿತ್ತು. ಇವನು ಜಗಲಿಯಲ್ಲಿ ಕೂತು ಅದನ್ನೇ ನೋಡುತ್ತಿದ್ದ. ಗೇಟಿನವರೆಗೆ ಇಳಿಜಾರು, ಅವನಿಗೆ ಇಳಿಯಲು ಆಗುವುದಿಲ್ಲ. ಅಮ್ಮ ಅಡುಗೆ ಮನೆಯಲ್ಲೇ ಇದ್ದರು, ಅವರನ್ನೂ ಕರೆದಿರಲಿಲ್ಲ.

ಇನ್ನು ಪ್ರತಿ ಭಾನುವಾರ ಅವನನ್ನು ಕರೆದುಕೊಂಡು ಹೋಗುವುದು ಅಂತ ನಾವು ಮೂವರು ಗೆಳೆಯರು ತೀರ್ಮಾನ ಮಾಡಿದ್ದೇವೆ. ಮುಂಬಾಗಿಲಿಗೆ ಏಳು ಮೆಟ್ಟಿಲು. ಪಕ್ಕದ ಬಾಗಿಲಿಗೆ ಮೂರೇ, ಆದರೆ ಬಾಗಿಲು ಕಿರಿದು. ಎತ್ತಿಕೊಂಡೇ ಹೋಗುವುದಾ, ರ‍್ಯಾಂಪ್ ಕೇಳುವುದಾ? ಮಾಡಿ ಗೊತ್ತಿದ್ದವರು ಹೇಳಿ.

ಸುಮ್ನೆ_ಓದುಗ | 9:20

ಒಳ್ಳೆ ಕೆಲಸ ಅಣ್ಣ. ಎತ್ತಿಕೊಂಡು ಹೋಗಿ, ದೇವರು ಬಲ ಕೊಡುತ್ತಾನೆ.

ನಾಲ್ಕುಚಕ್ರ | 9:31

ದೇವರು ಬಲ ಕೊಟ್ಟರೂ ಸೊಂಟ ಹಿಡಿದುಕೊಳ್ಳುತ್ತದೆ. ವರ್ಷಕ್ಕೆ ಐವತ್ತೆರಡು ಭಾನುವಾರ ಇವೆ.

ನಾನು ಹತ್ತೊಂಬತ್ತು ವರ್ಷದಿಂದ ವೀಲ್‌ಚೇರ್‌ನಲ್ಲಿ ಇರುವವಳು, ಬೆಂಗಳೂರು. ಪುನರ್ಪುಳಿ ಅವರೇ, ನಿಮ್ಮ ಪೋಸ್ಟ್ ಎರಡು ಸಲ ಓದಿದೆ. ಫಾದರ್ ಏನು ಮಾಡುತ್ತಾರೆ ಅಂತ ಇದೆ, ವಾರ್ಡಿನವರು ಏನು ಮಾಡಿದರು ಅಂತ ಇದೆ, ನೀವು ಮೂವರು ಏನು ತೀರ್ಮಾನ ಮಾಡಿದಿರಿ ಅಂತಲೂ ಇದೆ. ಅವನು ಏನು ಹೇಳಿದ ಅಂತ ಎಲ್ಲೂ ಇಲ್ಲ. ಅವನನ್ನು ಕೇಳಿದಿರಾ?

ಎತ್ತಿಕೊಂಡು ಹೋಗುವುದು ಹೇಗಿರುತ್ತದೆ ಗೊತ್ತಾ? ತೇರಿನ ಮೇಲಿನ ಮೂರ್ತಿಯ ಹಾಗೆ. ಎಲ್ಲರೂ ತಿರುಗಿ ನೋಡುತ್ತಾರೆ, ಅರ್ಧ ಜನ ಕಣ್ಣೊರೆಸಿಕೊಳ್ಳುತ್ತಾರೆ. ನಾವು ಯಾವ ಕಡೆ ನೋಡಬೇಕು ಅಂತ ತಿಳಿಯುವುದಿಲ್ಲ. ಮದುವೆಗೆ, ಸಾವಿಗೆ ಸರಿ. ಪ್ರತಿ ವಾರ ಅಂದರೆ ನಾನಂತೂ ಮನೆಯಲ್ಲೇ ಇರುತ್ತೇನೆ.

ಪುನರ್ಪುಳಿ | 9:40

ನೇರವಾಗಿ ಕೇಳಿಲ್ಲ ಅಕ್ಕ. ಎಲ್ಲ ಸಿದ್ಧ ಮಾಡಿ ಸರ್‌ಪ್ರೈಸ್ ಕೊಡೋಣ ಅಂತ ಇತ್ತು.

ನಾಲ್ಕುಚಕ್ರ | 9:42

ಹುಟ್ಟುಹಬ್ಬದ ಕೇಕ್ ಅಲ್ಲ ತಮ್ಮ.

ಬಾಸೆಲ್_ಹೆಂಚು | 9:55

ಹಾಹಾ. ಅಕ್ಕ ಹೇಳಿದ್ದು ಸರಿ. ಆದರೂ ಹುಡುಗರ ಪರವಾಗಿ ಒಂದು ಮಾತು. ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದವರು ಗೆಳೆಯರೇ ಅಲ್ವಾ? ಬಾಗಿಲಲ್ಲಿ ಜಾಗ ಇಲ್ಲ ಅಂತ ಮನೆಗೆ ವಾಪಸ್ ಹೋಗಲಿಲ್ಲ, ಮಾಳಿಗೆ ಹತ್ತಿದರು. ಮಾರ್ಕನ ಸುವಾರ್ತೆಯಲ್ಲಿ ಮಾಳಿಗೆ ಬಿಚ್ಚಿದರು ಅಂತ ಇದೆ. ಲೂಕ 5ರಲ್ಲಿ ಹೆಂಚು ತೆಗೆದರು ಅಂತಲೇ ಇದೆ. ನನ್ನ ಹೆಸರಿಗೆ ತಕ್ಕ ವಚನ ಅದು.

ಅವರು ಒಂದು ಮನೆಯ ಹೆಂಚನ್ನೇ ತೆಗೆದರು. ನಾವು ಮೂರು ಮೆಟ್ಟಿಲಿಗೆ ಮೂರು ಮೀಟಿಂಗ್ ಮಾಡುತ್ತೇವೆ.

ಸಿಮೆಂಟು_ಚೀಲ | 10:05

ಹೆಂಚು ತೆಗೆದರೆ ಮತ್ತೆ ಜೋಡಿಸಬಹುದು, ಈಗಿನ ಆರ್‌ಸಿಸಿ ಛಾವಣಿಗೆ ಬಾಯಿ ಹಾಕಬೇಡಿ ಮಾರಾಯ್ರೆ.

ರ‍್ಯಾಂಪ್ ಲೆಕ್ಕ ಹೇಳುತ್ತೇನೆ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಮೆಟ್ಟಿಲು ಆರು ಇಂಚು ಅಂತ ಹಿಡಿದರೆ ಏಳು ಮೆಟ್ಟಿಲಿಗೆ 42 ಇಂಚು, ಅಂದರೆ ಮೂರೂವರೆ ಅಡಿ. ರ‍್ಯಾಂಪ್ 42 ಅಡಿ ಬೇಕು, ನಡುವೆ ನಿಂತು ಉಸಿರು ಬಿಡಲು ಒಂದು ಸಮತಟ್ಟು ಜಾಗ. ಅಗಲ ನಾಲ್ಕು ಅಡಿ, ಎರಡೂ ಕಡೆ ಹಿಡಿಕೆ. ನಿಮ್ಮ ಪಕ್ಕದ ಬಾಗಿಲಿಗೆ 18 ಅಡಿ ಸಾಕು. ಮುಂಬಾಗಿಲು ಬಿಡಿ, ಪಕ್ಕದ್ದನ್ನು ಹಿಡಿಯಿರಿ. ಮಾಮೂಲಿ ಮಡಚುವ ವೀಲ್‌ಚೇರ್ 26 ಇಂಚಿನ ಆಸುಪಾಸು ಇರುತ್ತದೆ, ಗಾಲಿ ತಳ್ಳುವ ಕೈಗೂ ಜಾಗ ಬೇಕು. ಬಾಗಿಲು 32 ಇಂಚಾದರೂ ಇರಲಿ, 36 ಇದ್ದರೆ ಚಿಂತೆಯೇ ಇಲ್ಲ. ಟೇಪ್ ಹಿಡಿದು ಅಳೆಯಿರಿ, ಕಣ್ಣಳತೆ ಬೇಡ.

ಎಷ್ಟೋ ಕಡೆ ರ‍್ಯಾಂಪ್ ಅಂತ ಕಟ್ಟಿದ್ದು ನೋಡಿದ್ದೇನೆ. ಬೈಕ್ ಹತ್ತಿಸಲು ಮಾಡಿದ ಹಾಗಿರುತ್ತದೆ. ಅದರ ಮೇಲೆ ಗ್ರಾನೈಟ್ ಬೇರೆ! ಮಳೆಗೆ ಜಾರುಬಂಡೆ.

ಇನ್ನೊಂದು, ಇದು ದಯೆಯ ವಿಷಯ ಮಾತ್ರ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸಾರ್ವಜನಿಕ ಕಟ್ಟಡ ಅಂದರೆ ಯಾವುದು ಅಂತ ಹೇಳುವಾಗ ಧಾರ್ಮಿಕ ಕೆಲಸಕ್ಕೆ ಬಳಸುವ ಕಟ್ಟಡವನ್ನೂ ಸೇರಿಸಿದ್ದಾರೆ. ಖಾಸಗಿಯದ್ದಾದರೂ ಜನ ಬರುವ ಜಾಗ ಆದರೆ ಸೇರುತ್ತದೆ. ದೇವಸ್ಥಾನ, ಮಸೀದಿ, ಚರ್ಚ್ ಎಲ್ಲವೂ.

ಗುರ್ಕಾರ್_ಮಾಮ್ | 10:31

ಕಾಯ್ದೆ ಎಲ್ಲ ಬೇಡ, ಕೋರ್ಟಿಗೆ ಹೋಗುವ ಮಾತು ಯಾಕೆ. ನಾನು ಬೇರೆ ಇಗರ್ಜಿಯ ಗುರ್ಕಾರ್, ಅಂದರೆ ವಾರ್ಡಿನ ಮುಖಂಡ, ಹನ್ನೊಂದು ವರ್ಷ ಆಯಿತು. ನಮ್ಮ ಕಷ್ಟವೂ ಕೇಳಿ. ವಾರ್ಡಿನಲ್ಲಿ ಮೂವತ್ತೆಂಟು ಮನೆ. ತೆನೆ ಗೇಟಿಗೆ ಸಿಕ್ಕಿಸಿದ್ದು ತಪ್ಪೇ, ಒಪ್ಪುತ್ತೇನೆ. ಆದರೆ ನಲವತ್ತು ಅಡಿ ರ‍್ಯಾಂಪ್ ಅಂದರೆ ಪಾಲನಾ ಮಂಡಳಿಯಲ್ಲಿ ಮೊದಲ ಪ್ರಶ್ನೆಯೇ "ಒಬ್ಬನಿಗೋಸ್ಕರ ಇಷ್ಟು ಖರ್ಚಾ" ಅಂತ ಬರುತ್ತದೆ. ಅದೂ ಅಲ್ಲದೆ ಅನಾರೋಗ್ಯದವರಿಗೆ ಭಾನುವಾರದ ಪೂಜೆಯ ಕಡ್ಡಾಯ ಇಲ್ಲ. ಮನೆಯಲ್ಲೇ ಪ್ರಾರ್ಥನೆ ಮಾಡಬಹುದು.

ನಾಲ್ಕುಚಕ್ರ | 10:36

ಕಡ್ಡಾಯ ಇಲ್ಲ ಅಂದರೆ ಬರಬೇಡ ಅಂತಲ್ಲ ಮಾಮ್. ಮತ್ತೆ ನಮಗೆ ಅನಾರೋಗ್ಯ ಇಲ್ಲ. ನನಗೆ ಜ್ವರ ಬಂದು ಎರಡು ವರ್ಷ ಆಯಿತು.

ಕಾಫಿತೋಟ | 10:44

ಒಬ್ಬನಿಗೋಸ್ಕರ ಅನ್ನುವವರು ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಮೆಟ್ಟಿಲ ಹತ್ತಿರ ನಿಂತು ನೋಡಿ. ಮಂಡಿ ನೋವಿನ ಅಜ್ಜಿಯರು ಅಡ್ಡಡ್ಡ ಇಳಿಯುತ್ತಾರೆ. ತುಂಬು ಬಸುರಿಯರು, ತಳ್ಳುಗಾಡಿಯಲ್ಲಿ ಮಗು ತಂದವರು, ಶವಪೆಟ್ಟಿಗೆ ಹೊತ್ತವರು. ನನ್ನ ಚಿಕ್ಕಪ್ಪನ ಪೆಟ್ಟಿಗೆ ಇಳಿಸುವಾಗ ಮುಂದಿನವನ ಕಾಲು ಮೆಟ್ಟಿಲಲ್ಲಿ ತಪ್ಪಿತು. ಆ ಒಂದು ಕ್ಷಣ ನಾನು ಯಾವತ್ತೂ ಮರೆಯುವುದಿಲ್ಲ. ಕೊನೆಗೆ ರ‍್ಯಾಂಪ್ ಎಲ್ಲರಿಗೂ ಬೇಕಾಗುತ್ತದೆ, ಮಲಗಿಕೊಂಡು.

ಗುರ್ಕಾರ್_ಮಾಮ್ | 10:50

ಇದು ಸರಿಯಾದ ಮಾತು. ಮೀಟಿಂಗಿನಲ್ಲಿ ಇದನ್ನೇ ಹೇಳಬಹುದು.

ದುಬೈ_ಬೊಂಡ | 11:15

ಖರ್ಚಿನ ಮಾತಾದರೆ ನಮ್ಮಂಥವರನ್ನು ಕೇಳಿ. ಊರಿನ ಇಗರ್ಜಿಗೆ ಘಂಟೆ ಗೋಪುರ, ಕಮಾನು, ಟೈಲ್ಸ್ ಎಲ್ಲದಕ್ಕೂ ಗಲ್ಫಿನವರಿಗೆ ಫೋನ್ ಬರುತ್ತದೆ. ರ‍್ಯಾಂಪ್ ಬೇಕು ಅಂತ ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ.

ಸುಮ್ನೆ_ಓದುಗ | 11:17

ರ‍್ಯಾಂಪ್ ಮೇಲೆ ದಾನಿಗಳ ಹೆಸರು ಕೆತ್ತಿಸಿದರೆ ಗಾಲಿ ಹತ್ತುತ್ತದಲ್ಲ, ಅದಕ್ಕೇ ಯಾರೂ ಕೊಡುವುದಿಲ್ಲ ಇರಬೇಕು.

ದುಬೈ_ಬೊಂಡ | 11:19

ಪಕ್ಕದ ಗೋಡೆಯಲ್ಲಿ ಹಾಕಿಸಿ ಮಾರ್ರೆ.

ನರ್ಸಕ್ಕ | ಸೋಮವಾರ ಬೆಳಗ್ಗೆ 6:05

ರಾತ್ರಿ ಪಾಳಿ ಮುಗಿಸಿ ಓದುತ್ತಿದ್ದೇನೆ. ಎಲ್ಲರೂ ಮೆಟ್ಟಿಲು ಮೆಟ್ಟಿಲು ಅನ್ನುತ್ತಿದ್ದೀರಿ. ಮೊದಲು ಗಡಿಯಾರ ನೋಡಿ.

ಬೆನ್ನುಹುರಿಗೆ ಪೆಟ್ಟಾದವರಿಗೆ ಬೆಳಗಿನ ಶೌಚವೇ ಒಂದು ಗಂಟೆಯ ಕೆಲಸ, ಕೆಲವರಿಗೆ ಇನ್ನೂ ಜಾಸ್ತಿ. ಸ್ನಾನ, ಬಟ್ಟೆ ಸೇರಿದರೆ ಎರಡು ಗಂಟೆ ದಾಟುತ್ತದೆ. ಬೆಳಗ್ಗೆ ಏಳರ ಪೂಜೆಗೆ ಬಾ ಅಂದರೆ ನಾಲ್ಕಕ್ಕೆ ಏಳು ಅಂದ ಹಾಗೆ. ಜೊತೆಗೆ ಅವನ ಅಮ್ಮನೂ ಏಳಬೇಕು. ನಿಮ್ಮಲ್ಲಿ ಶನಿವಾರ ಸಂಜೆ ಪೂಜೆ ಇದೆಯಾ? ಅದು ಭಾನುವಾರದ ಲೆಕ್ಕಕ್ಕೇ ಬರುತ್ತದಲ್ಲ, ಅದನ್ನೇ ಹಿಡಿಯಿರಿ.

ಮತ್ತೆ ಕುಶನ್. ಅದು ಅವನ ಜೊತೆಗೇ ಹೋಗಬೇಕು, ಕಾರಿನ ಸೀಟಿನಲ್ಲೂ. ಪ್ರೀತಿ ಜಾಸ್ತಿಯಾಗಿ "ನಮ್ಮ ಜೊತೆ ಬೆಂಚಿನಲ್ಲಿ ಕೂರು" ಅಂತ ಎತ್ತಿ ಬರಿಯ ಮರದ ಮೇಲೆ ಕೂರಿಸಬೇಡಿ. ಒತ್ತುವುದು ಅವನಿಗೆ ಗೊತ್ತಾಗುವುದಿಲ್ಲ, ಹುಣ್ಣಾದ ಮೇಲೆ ಗೊತ್ತಾಗುವುದು. ನಾನು ನೋಡಿಕೊಂಡ ಒಬ್ಬರು ಮದುವೆ ಮನೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ನಾಲ್ಕು ಗಂಟೆ ಕೂತು ಬಂದಿದ್ದರು. ಆ ಹುಣ್ಣು ಒಣಗಲು ಐದು ತಿಂಗಳು ಹಿಡಿಯಿತು. ಕಾಲು ಗಂಟೆ, ಅರ್ಧ ಗಂಟೆಗೊಮ್ಮೆ ಅವನು ಕೈ ಊರಿ ಮೈ ಎತ್ತಿ ಇಳಿಸುತ್ತಾನೆ. ಪ್ರವಚನದ ಮಧ್ಯೆ ಹಾಗೆ ಮಾಡಿದರೆ "ಏನಾಯಿತು, ಏನು ಬೇಕು" ಅಂತ ನಾಲ್ಕು ಕಡೆಯಿಂದ ಓಡಿ ಬರಬೇಡಿ.

ಟ್ಯೂಬ್ ಹಾಕಿ ಮೂತ್ರ ತೆಗೆಯುವವರಾದರೆ ನಾಲ್ಕರಿಂದ ಆರು ಗಂಟೆಗೊಮ್ಮೆ ತೆಗೆಯಬೇಕು. ಇಗರ್ಜಿಯ ಶೌಚಾಲಯಕ್ಕೆ ಕುರ್ಚಿ ಹೋಗದಿದ್ದರೆ ಹೊರಡುವ ಮುಂಚೆ, ಬಂದ ಮೇಲೆ ಅಂತ ಲೆಕ್ಕ ಹಾಕಿಕೊಳ್ಳಬೇಕು. ಇದನ್ನು ನೀವು ಕೇಳಲು ನಾಚುತ್ತೀರಿ, ಅವನು ಹೇಳಲು ನಾಚುತ್ತಾನೆ. ಎಷ್ಟೋ ಜನ ಮನೆಯಿಂದ ಹೊರಡದೆ ಇರುವುದು ಇದೊಂದೇ ಕಾರಣಕ್ಕೆ.

ಎತ್ತಲೇಬೇಕಾದರೆ ಹತ್ತುವಾಗ ಕುರ್ಚಿಯ ಬೆನ್ನು ಮೆಟ್ಟಿಲ ಕಡೆ, ದೊಡ್ಡ ಗಾಲಿ ಮೊದಲು. ಕೈ ಇಡುವ ಹಲಗೆ, ಕಾಲು ಇಡುವ ತಟ್ಟೆ ಹಿಡಿದು ಎತ್ತಬಾರದು, ಕಳಚಿ ಕೈಗೆ ಬರುತ್ತವೆ. ಚೌಕಟ್ಟು ಹಿಡಿಯಿರಿ. ಒಬ್ಬನೇ "ಒಂದು, ಎರಡು" ಹೇಳಲಿ. ನಾಲ್ಕೂ ಜನ ಹೇಳಿದರೆ ಅವನು ಎರಡನೇ ಸಲ ಬೀಳುತ್ತಾನೆ.

ಪುನರ್ಪುಳಿ | 6:40

ಅಕ್ಕ, ಇದರಲ್ಲಿ ಅರ್ಧ ನನಗೆ ಗೊತ್ತೇ ಇರಲಿಲ್ಲ. ಮೂರು ವರ್ಷದಿಂದ ವಾರಕ್ಕೊಮ್ಮೆ ಅವನ ಮನೆಗೆ ಹೋಗುತ್ತಿದ್ದೇನೆ.

ದೇವರಿಲ್ಲದವ | 8:15

ಬೇಸರ ಮಾಡಿಕೊಳ್ಳಬೇಡಿ, ನನ್ನ ಪ್ರಶ್ನೆ ಬೇರೆ. ಇಷ್ಟೆಲ್ಲ ಕಷ್ಟಪಟ್ಟು ಅಲ್ಲಿಗೇ ಯಾಕೆ ಹೋಗಬೇಕು? ಯೂಟ್ಯೂಬಿನಲ್ಲಿ ಪೂಜೆ ಬರುತ್ತದೆ. ಮನೆಯಲ್ಲೇ ಆರಾಮವಾಗಿ ನೋಡಲಿ.

ಕಾಫಿತೋಟ | 8:30

ಮದುವೆಯೂ ಯೂಟ್ಯೂಬಿನಲ್ಲಿ ಬರುತ್ತದೆ, ಊಟಕ್ಕೆ ಮಾತ್ರ ಎಲ್ಲರೂ ಹಾಲ್‌ಗೇ ಹೋಗುತ್ತಾರೆ.

ತಮಾಷೆ ಬಿಡಿ. 2020ರ ಲಾಕ್‌ಡೌನ್‌ನಲ್ಲಿ ನಮ್ಮ ಚಿಕ್ಕಮಗಳೂರು ಕಡೆಯ ಒಂದು ಸಣ್ಣ ಚರ್ಚಿನಲ್ಲೂ ಮೊಬೈಲ್ ಇಟ್ಟು ಲೈವ್ ಮಾಡುತ್ತಿದ್ದರು. ನನ್ನ ಅಮ್ಮ ಎರಡು ವರ್ಷದ ಹಿಂದಿನಿಂದಲೇ ಹಾಸಿಗೆ ಹಿಡಿದಿದ್ದರು. ಆ ತಿಂಗಳುಗಳಲ್ಲಿ ಅಮ್ಮನಷ್ಟು ಖುಷಿಯಾಗಿದ್ದವರು ಯಾರೂ ಇಲ್ಲ. "ಈಗ ಎಲ್ಲರೂ ನನ್ನ ಹಾಗೆ" ಅನ್ನುತ್ತಿದ್ದರು. ಬಾಗಿಲು ತೆರೆದ ಮೇಲೆ ಲೈವ್ ನಿಂತಿತು. "ಇನ್ನು ಎಲ್ಲರೂ ಬರಬಹುದಲ್ಲ" ಅಂತ ಮೈಕಿನಲ್ಲಿ ಹೇಳಿದರು. ಎಲ್ಲರೂ!

ಅದಕ್ಕೆ ಲೈವ್ ಇರಲಿ, ಬಾಗಿಲೂ ಇರಲಿ. ಒಂದನ್ನು ಕೊಟ್ಟು ಇನ್ನೊಂದನ್ನು ಕಿತ್ತುಕೊಳ್ಳುವುದು ಬೇಡ.

ದೇವರಿಲ್ಲದವ | 8:41

ಸರಿ, ಒಪ್ಪಿದೆ. ಹಾಲ್‌ನ ಊಟದ ಮಾತಿಗೆ ಮಾತ್ರ.

ಮೌನಿ_ಮೈಸೂರು | 9:10

ಕುರ್ಚಿ ಇಲ್ಲದವರ ಬಗ್ಗೆಯೂ ಒಂದು ಮಾತು. ನನಗೆ ಕಿವಿ ಕೇಳುವುದಿಲ್ಲ. ನಾನು ಒಳಗೆ ಹೋಗಲು ಮೆಟ್ಟಿಲಿನ ತೊಂದರೆ ಇಲ್ಲ, ಒಳಗೆ ಹೋದ ಮೇಲೆ ಒಂದು ಗಂಟೆ ಬಾಯಿ ಅಲ್ಲಾಡುವುದನ್ನು ನೋಡುತ್ತೇನೆ. ಎಲ್ಲರೂ ನಕ್ಕಾಗ ನಾನೂ ನಗುತ್ತೇನೆ, ಅರ್ಧ ಸೆಕೆಂಡ್ ತಡವಾಗಿ.

ಗೂಗಲ್‌ನ ಲೈವ್ ಟ್ರಾನ್ಸ್‌ಕ್ರೈಬ್‌ನಲ್ಲಿ ಕನ್ನಡ ಇದೆ. ಆದರೆ ದೊಡ್ಡ ದೇವಾಲಯದ ಪ್ರತಿಧ್ವನಿಯಲ್ಲಿ ಅದಕ್ಕೂ ತಲೆ ಕೆಡುತ್ತದೆ. ನನ್ನ ಗೆಳತಿ ಒಂದು ಸುಲಭ ದಾರಿ ಮಾಡಿದಳು. ಭಾನುವಾರದ ವಾಚನಗಳು ಮೂರು ವರ್ಷದ ಸರದಿಯಲ್ಲಿ ಮೊದಲೇ ಗೊತ್ತಿರುತ್ತವೆ. ಶನಿವಾರ ರಾತ್ರಿ ಅವಳು ಮೂರೂ ವಾಚನದ ಫೋಟೊ ಕಳಿಸುತ್ತಾಳೆ. ಪ್ರವಚನದ ಹೊತ್ತಿಗೆ ಪಕ್ಕದಲ್ಲಿ ಕೂತು ಮೊಬೈಲಿನಲ್ಲಿ ನಾಲ್ಕೈದು ಸಾಲು ಬರೆಯುತ್ತಾಳೆ. ಪೂರ್ತಿ ಅಲ್ಲ, ಬರೀ ತಿರುಳು. ಫಾದರ್ ಒಮ್ಮೆ ಅವಳಿಗೆ ಮೊಬೈಲ್ ಒಳಗಿಡು ಅಂತ ಮೈಕಿನಲ್ಲೇ ಗದರಿದರು. ವಿಷಯ ತಿಳಿದ ಮೇಲೆ ಈಗ ಅವರೇ ಶನಿವಾರ ಪ್ರವಚನದ ಚೀಟಿ ಕೊಡುತ್ತಾರೆ. ಅವರ ಅಕ್ಷರ ಓದುವುದು ಇನ್ನೊಂದು ಕಷ್ಟ.

ಬಾಸೆಲ್_ಹೆಂಚು | 9:38

ಸಂಪರ್ಕದಲ್ಲಿ ಇರುವುದು ಅಂದರೆ ನೆನಪಾಯಿತು. ನಮ್ಮ ಸಿಎಸ್‌ಐ (ಪ್ರೊಟೆಸ್ಟೆಂಟ್) ಸಭೆಯಲ್ಲಿ ಬೆಳೆ ಹಬ್ಬಕ್ಕೆ ಜನ ತಂದ ಕಾಣಿಕೆ ಹರಾಜು ಹಾಕುತ್ತಾರೆ. ಬಾಳೆಗೊನೆ, ಕುಂಬಳಕಾಯಿ, ಕೋಳಿ, ಕೇಕ್ ಎಲ್ಲ. ಹಾಸಿಗೆ ಬಿಟ್ಟು ಏಳಲಾಗದ ಒಬ್ಬರು ಅಜ್ಜಿ ಇದ್ದಾರೆ, ಹರಾಜೆಂದರೆ ಪ್ರಾಣ. ಮೊಮ್ಮಗ ವಿಡಿಯೋ ಕಾಲ್ ಹಿಡಿದು ನಿಂತ. ಅಜ್ಜಿ ಮನೆಯಿಂದಲೇ ಕೂಗುತ್ತಾ ಕೂಗುತ್ತಾ ಒಂದು ಕುಂಬಳಕಾಯಿಯನ್ನು ಒಂಬೈನೂರಕ್ಕೆ ಏರಿಸಿಬಿಟ್ಟರು. ಎದುರು ಕೂಗಿದವರು ಸಭಾಪಾಲಕರ ಹೆಂಡತಿ. ಕೊನೆಗೆ ಅಮ್ಮಾವರೇ ಸೋತರು. ಆ ಕುಂಬಳಕಾಯಿ ತಲುಪಿಸಲು ಅಜ್ಜಿಯ ಮನೆಗೆ ಹನ್ನೆರಡು ಜನ ಹೋದರು. ಪಲ್ಯ ಮಾಡಿಸಿ ಎಲ್ಲರಿಗೂ ಬಡಿಸಿದರಂತೆ.

ಕರ್ತನ ಭೋಜನಕ್ಕೂ ಹಾಗೆ. ಮುಂದೆ ಬಂದು ಮೊಣಕಾಲೂರಲು ಆಗದವರ ಹತ್ತಿರ ಅಯ್ಯನವರೇ ಇಳಿದು ಬರುತ್ತಾರೆ. ಆದರೆ ಎಲ್ಲರದ್ದೂ ಮುಗಿದ ಮೇಲೆ ಕೊನೆಗೆ ಬರುತ್ತಾರೆ, ಅದು ನನಗೆ ಸರಿ ಕಾಣುವುದಿಲ್ಲ. ನಡುವೆಯೇ ಬರಬಹುದು.

ಮಲೆನಾಡ_ಮಳೆ | 10:20

ವಿಷಯ ಬೇರೆ, ಕ್ಷಮಿಸಿ. ಅಡಿಕೆ ಮರ ಹತ್ತಿ ಮದ್ದು ಬಿಡುವುದನ್ನು ಇನ್ನಾದರೂ ನಿಲ್ಲಿಸಿ. ಕಾರ್ಬನ್ ಫೈಬರ್ ದೋಟಿ (ಉದ್ದ ಕೋಲು) ಬಂದಿದೆ, ನೆಲದಲ್ಲಿ ನಿಂತೇ ಬೋರ್ಡೋ ಮದ್ದು ಹೊಡೆಯಬಹುದು. ನಮ್ಮ ತೋಟದಲ್ಲಿ ಯಾರನ್ನೂ ಹತ್ತಿಸುವುದಿಲ್ಲ.

ತೋಟದವ | 10:26

ದೋಟಿಯಲ್ಲಿ ಗೊನೆಯ ಒಳಗೆ ಸರಿಯಾಗಿ ಮದ್ದು ಬೀಳುತ್ತದಾ? ಕೊಳೆರೋಗ ನಿಲ್ಲಬೇಕಾದರೆ ಗೊನೆ ಪೂರ್ತಿ ನೆನೆಯಬೇಕು. ಗಾಳಿ ಬಂದರೆ ಅರ್ಧ ನಮ್ಮ ತಲೆ ಮೇಲೆ.

ಮಲೆನಾಡ_ಮಳೆ | 10:29

ಅಭ್ಯಾಸ ಆಗಬೇಕು. ಒಂದು ವಾರ ಕತ್ತು ನೋಯುತ್ತದೆ ಅಷ್ಟೇ.

ತೋಟದವ | 10:30

ಎಷ್ಟು ಅಡಿಯದ್ದು ತೆಗೆದುಕೊಂಡಿರಿ? ಬೆಲೆ?

ನಿರ್ವಾಹಕ | 10:52

ದೋಟಿಗೆ ಬೇರೆ ಚರ್ಚೆ ತೆರೆಯಿರಿ. ಇಲ್ಲಿ ಬೇಡ.

ಪುನರ್ಪುಳಿ | ಮಂಗಳವಾರ ರಾತ್ರಿ 10:02

ಕೇಳಿದೆ. ಸಂಜೆ ಮೀನು ಕೊಡುವ ನೆಪದಲ್ಲಿ ಹೋಗಿದ್ದೆ.

"ಇಗರ್ಜಿಗೆ ಬರುತ್ತೀಯಾ" ಅಂದೆ. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ "ಕೆಳಗೆ ಕೂತು ಏನು ಮಾಡುವುದು ಮಾರಾಯ" ಅಂದ.

ಇಲ್ಲಿ ಒಂದು ವಿಷಯ ಹೇಳುವುದು ಬಿಟ್ಟುಹೋಗಿತ್ತು. ಅವನು ಗಾಯನ ಮಂಡಳಿಯಲ್ಲಿ ಕೀಬೋರ್ಡ್ ನುಡಿಸುತ್ತಿದ್ದ, ಹದಿನಾಲ್ಕನೇ ವಯಸ್ಸಿನಿಂದ. ನಮ್ಮಲ್ಲಿ ಗಾಯನ ಮಂಡಳಿ ಕೂರುವುದು ಬಾಗಿಲ ಮೇಲಿನ ಅಟ್ಟದಲ್ಲಿ. ಹೋಗಲು ಸುತ್ತುವ ಮರದ ಏಣಿ, ಒಬ್ಬರು ಹತ್ತಿದರೆ ಇನ್ನೊಬ್ಬರು ಇಳಿಯಲಾಗದಷ್ಟು ಕಿರಿದು. ಅಂದರೆ ಇವನು ಪೂಜೆಯನ್ನು ಕೆಳಗಿನಿಂದ ನೋಡಿದವನೇ ಅಲ್ಲ. ಇಪ್ಪತ್ತು ವರ್ಷ ಮೇಲಿನಿಂದ ಎಲ್ಲರ ತಲೆ ನೋಡಿದವನು. ಯಾರಿಗೆ ಬೊಕ್ಕ ತಲೆ ಶುರುವಾಗಿದೆ ಅಂತ ನಮಗೆ ಮೊದಲು ಹೇಳುತ್ತಿದ್ದವನೇ ಅವನು.

ಇನ್ನೊಂದು. ಅವನು ಆಸ್ಪತ್ರೆಯಿಂದ ಬಂದ ಎರಡು ತಿಂಗಳಿಗೆ ಗಾಯನ ಮಂಡಳಿಯ ವಾಟ್ಸ್ಆ್ಯಪ್ ಗುಂಪಿನಿಂದ ಅವನನ್ನು ತೆಗೆದಿದ್ದಾರೆ. "ಸುಮ್ನೆ ಅವನಿಗೆ ಯಾಕೆ ಬೇಸರ" ಅಂತ. ಒಳ್ಳೆಯ ಮನಸ್ಸಿನಿಂದಲೇ. ನನಗೆ ಇವತ್ತೇ ಗೊತ್ತಾಗಿದ್ದು. ಮೊಬೈಲ್ ತೆಗೆದು ತೋರಿಸಿದ. ಆ ಹಳೆಯ ಗುಂಪನ್ನು ಇನ್ನೂ ಅಳಿಸಿಲ್ಲ. ಕೊನೆಯ ಸಂದೇಶ ಈಸ್ಟರ್ ಹಬ್ಬದ ಬಗ್ಗೆ ಯಾರೋ ಕೇಳಿದ್ದು, "ಪಾಸ್ಕಕ್ಕೆ ಪ್ರಾಕ್ಟೀಸ್ ಎಷ್ಟು ಗಂಟೆಗೆ?" ಅದರ ಕೆಳಗೆ ಇವನನ್ನು ತೆಗೆದ ಸಾಲು.

ನಾಲ್ಕುಚಕ್ರ | 10:09

ಈಗ ಗೊತ್ತಾಯಿತಾ.

ನರ್ಸಕ್ಕ | 10:15

ಅಯ್ಯೋ, ಆ ಕೊನೆಯ ಸಾಲು.

ಸುಮ್ನೆ_ಓದುಗ | 10:18

ಹಾಗಾದರೆ ಅಟ್ಟಕ್ಕೆ ಎತ್ತಿಕೊಂಡು ಹೋಗಬೇಕಾ? ಸುತ್ತುವ ಏಣಿ ಕಷ್ಟ.

ಸಿಮೆಂಟು_ಚೀಲ | 10:21

ಅಟ್ಟಕ್ಕೆ ಲಿಫ್ಟ್ ಅಂದರೆ ಲಕ್ಷಗಟ್ಟಲೆ. ಹಳೆ ಕಟ್ಟಡ, ಮರದ ತೊಲೆ. ಆಗದ ಮಾತು.

ನಾಲ್ಕುಚಕ್ರ | 10:23

ಅವನು ಹತ್ತುವುದು ಯಾಕೆ? ಅವರು ಇಳಿಯಲಿ.

ಮೂರನೇ_ಸ್ವರ | 10:40

ನಾನು ಗಾಯನ ಮಂಡಳಿಯವಳೇ, ಬೇರೆ ಊರು. ಇಳಿಯುವುದು ಅಷ್ಟು ಸುಲಭ ಅಲ್ಲ ಅಕ್ಕ. ಮೇಲಿನಿಂದ ಹಾಡಿದರೆ ಧ್ವನಿ ತುಂಬಿಕೊಂಡು ಬರುತ್ತದೆ. ಕೆಳಗೆ ನಿಂತರೆ ಮುಂದಿನ ನಾಲ್ಕು ಬೆಂಚಿಗೆ ಕಿರುಚಿದ ಹಾಗೆ, ಹಿಂದಿನವರಿಗೆ ಕೇಳುವುದಿಲ್ಲ. ಜೊತೆಗೆ ಎಲ್ಲರ ಕಣ್ಣೂ ನಮ್ಮ ಮೇಲೆ. ಮೇಲಿದ್ದರೆ ಪ್ರವಚನದ ಹೊತ್ತಿಗೆ ಮುಂದಿನ ಹಾಡಿನ ಪುಟ ಹುಡುಕಬಹುದು.

ನಾಲ್ಕುಚಕ್ರ | 10:43

ಹುಡುಕುವುದು ಪುಟವಾ, ವಾಟ್ಸ್ಆ್ಯಪಾ?

ಮೂರನೇ_ಸ್ವರ | 10:44

ಎರಡೂ.

ಗುರ್ಕಾರ್_ಮಾಮ್ | 11:05

ನಾನು ಹಳೆಯ ಕಾಲದವನು, ಆದರೂ ಹೇಳುತ್ತೇನೆ. ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ 1967ರಲ್ಲಿ ಪೂಜೆಯ ಸಂಗೀತದ ಬಗ್ಗೆ ರೋಮಿನಿಂದ ಒಂದು ಸೂಚನೆ ಬಂತು. ಗಾಯನ ಮಂಡಳಿಯೂ ನೆರೆದ ಜನರ ಭಾಗವೇ ಅಂತ ಕಾಣುವ ಜಾಗದಲ್ಲಿ ಇರಬೇಕು, ಹಾಡುವವರಿಗೂ ಪೂಜೆಯಲ್ಲಿ ಪೂರ್ತಿ ಭಾಗವಹಿಸಲು ಸುಲಭ ಆಗಬೇಕು ಅಂತ ಅದರಲ್ಲಿದೆ. ನಮ್ಮಲ್ಲಿ ಅಟ್ಟದಿಂದ ಇಳಿದಾಗ ನಾನು ಬೇಡ ಅಂದವರ ಗುಂಪಿನಲ್ಲಿದ್ದೆ. ಈಗ ಅಭ್ಯಾಸ ಆಗಿದೆ. ಪುನರ್ಪುಳಿ, ನಿಮ್ಮ ವಿಗಾರ್ ಫಾದರ್‌ಗೆ ಈ ಸೂಚನೆಯನ್ನೇ ನೆನಪಿಸು, ರ‍್ಯಾಂಪಿನ ಮಾತು ಆಮೇಲೆ ಎತ್ತು. ಇಳಿದರೆ ದುಡ್ಡು ಖರ್ಚಿಲ್ಲ ಅಂತ ಮೊದಲೇ ಹೇಳಿಬಿಡು.

ಬಾಸೆಲ್_ಹೆಂಚು | 11:11

ಮಾಮ್, ನೀವು ಈ ಚರ್ಚೆಯ ಶುರುವಿನಲ್ಲಿ ಇದ್ದವರೇನಾ?

ಗುರ್ಕಾರ್_ಮಾಮ್ | 11:14

ಪೆಟ್ಟಿಗೆಯ ಕಥೆ ಕೇಳಿದ ಮೇಲೆ ನಿದ್ದೆ ಬರಲಿಲ್ಲ.

ದುಬೈ_ಬೊಂಡ | 11:40

ಪೋಪ್ ಫ್ರಾನ್ಸಿಸ್ 2022ರ ಮೇ ತಿಂಗಳಿಂದ ಹೆಚ್ಚಾಗಿ ವೀಲ್‌ಚೇರ್‌ನಲ್ಲೇ ಓಡಾಡಿದರು. ನಮ್ಮೂರ ಇಗರ್ಜಿಗೆ ಬಂದಿದ್ದರೆ ಅವರೂ ಹೊರಗೇ ಇರಬೇಕಿತ್ತು.

ಸುಮ್ನೆ_ಓದುಗ | 11:42

ಅವರು ಬರುತ್ತಾರೆ ಅಂದಿದ್ದರೆ ಒಂದೇ ರಾತ್ರಿಯಲ್ಲಿ ರ‍್ಯಾಂಪ್ ಏಳುತ್ತಿತ್ತು, ಬಿಡಿ.

ವಿಶ್ವಾಸಿ_77 | ಬುಧವಾರ ಬೆಳಗ್ಗೆ 7:20

ಇದೆಲ್ಲ ಮನುಷ್ಯರ ಪ್ರಯತ್ನ. ಅವನನ್ನು ಒಳ್ಳೆಯ ಸ್ವಸ್ಥತಾ ಕೂಟಕ್ಕೆ ಕರೆದುಕೊಂಡು ಹೋಗಿ. ನಂಬಿಕೆ ಇದ್ದರೆ ಎದ್ದು ನಡೆಯುತ್ತಾನೆ.

ನಾಲ್ಕುಚಕ್ರ | 7:34

ಇದಕ್ಕೇ ಕಾಯುತ್ತಿದ್ದೆ, ಮೂರು ದಿನ ತಡವಾಗಿ ಬಂತು.

ನಾನು ಇಪ್ಪತ್ತೆರಡು ವರ್ಷದವಳಿದ್ದಾಗ ಇಂಥ ಒಂದು ಕೂಟಕ್ಕೆ ಹೋಗಿದ್ದೆ. ಕೇಳದೆ ಹೇಳದೆ ಆರು ಜನ ತಲೆ ಮೇಲೆ ಕೈ ಇಟ್ಟರು. ಒಬ್ಬರು ಕುರ್ಚಿಯಿಂದ ಎಬ್ಬಿಸಲು ಕಂಕುಳಿಗೆ ಕೈ ಹಾಕಿದರು. ನಾನು ಏಳಲಿಲ್ಲ. ಆಮೇಲೆ ಅವರು ನನ್ನನ್ನು ನೋಡಿದ ರೀತಿ! ಅವರ ಪರೀಕ್ಷೆಯಲ್ಲಿ ನಾನು ಫೇಲಾದ ಹಾಗೆ. ಯೋಹಾನ 9 ತೆಗೆದು ಓದಿ. ಇವನು ಕುರುಡನಾಗಿ ಹುಟ್ಟಲು ಪಾಪ ಮಾಡಿದವರು ಯಾರು ಅಂತ ಶಿಷ್ಯರು ಕೇಳುತ್ತಾರೆ. ಇವನೂ ಅಲ್ಲ, ಇವನ ತಂದೆತಾಯಿಯೂ ಅಲ್ಲ ಅನ್ನುವುದು ಯೇಸುವಿನ ಉತ್ತರ. ಪ್ರಾರ್ಥನೆ ಮಾಡಿ, ಬೇಡ ಅನ್ನುವುದಿಲ್ಲ. ಮೈ ಮುಟ್ಟುವ ಮೊದಲು ಕೇಳಿ. ಕುರ್ಚಿಯೂ ನನ್ನ ಮೈಯೇ.

ವಿಶ್ವಾಸಿ_77 | 7:50

ನೋಯಿಸುವ ಉದ್ದೇಶ ಇರಲಿಲ್ಲ ಸಹೋದರಿ.

ನಾಲ್ಕುಚಕ್ರ | 7:51

ಗೊತ್ತು. ಆ ಆರು ಜನಕ್ಕೂ ಇರಲಿಲ್ಲ.

ಕಾಫಿತೋಟ | 9:00

ಪುನರ್ಪುಳಿ, ವಾರ್ಡಿನ ಪ್ರಾರ್ಥನಾ ಕೂಟ ಮನೆಯಿಂದ ಮನೆಗೆ ಸರದಿಯಲ್ಲಿ ಆಗುತ್ತದಲ್ಲ? ಒಮ್ಮೆ ಅವನ ಮನೆಯಲ್ಲಿ ಇಡಿಸಿ.

ಪುನರ್ಪುಳಿ | 9:12

ಅವನ ಮನೆಯಲ್ಲಿ ವರ್ಷಕ್ಕೆ ಎರಡು ಸಲ ಆಗುತ್ತದೆ. ಉಳಿದ ಮನೆಗಳಿಗೆ ಅವನು ಹೋಗುವುದಿಲ್ಲ, ಎಲ್ಲ ಕಡೆ ಮೆಟ್ಟಿಲು. ನನ್ನ ಮನೆಗೇ ನಾಲ್ಕಿವೆ. ಇಷ್ಟು ದಿನ ಎಣಿಸಿಯೇ ಇರಲಿಲ್ಲ.

ಪುನರ್ಪುಳಿ | ಶುಕ್ರವಾರ ರಾತ್ರಿ 9:30

ಸುದ್ದಿ ಇದೆ. ಟೇಪ್ ಹಿಡಿದು ಹೋದೆವು. ಪಕ್ಕದ ಬಾಗಿಲು 23 ಇಂಚು. ಮುಗಿಯಿತು ಅಂದುಕೊಂಡೆವು. ಆಗ ನಮ್ಮ ಸಾಕ್ರಿಸ್ತಾ (ಇಗರ್ಜಿ ನೋಡಿಕೊಳ್ಳುವವರು), ಎಪ್ಪತ್ತು ದಾಟಿದವರು, "ಅದು ಎರಡು ಬಾಗಿಲಿನದ್ದು ಮಕ್ಕಳೇ, ಒಂದನ್ನು ಮುಚ್ಚಿ ಇಟ್ಟಿದ್ದೇವೆ" ಅಂದರು. ನೋಡಿದರೆ ಮೇಲಿನ ಅಗುಳಿಯ ಮೇಲೆ ಮೂರು ಪದರ ಬಣ್ಣ. ಪ್ರತಿ ಹಬ್ಬಕ್ಕೆ ಬಣ್ಣ ಬಳಿಯುವವರು ಅಗುಳಿಯನ್ನೂ ಸೇರಿಸಿ ಬಳಿದಿದ್ದಾರೆ. ಸೀಮೆಎಣ್ಣೆ, ಸುತ್ತಿಗೆ, ಇಪ್ಪತ್ತು ನಿಮಿಷ. ಈಗ 46 ಇಂಚು.

ಮೂರು ಮೆಟ್ಟಿಲಿಗೆ ಶಾಮಿಯಾನದವನ ಹತ್ತಿರ ಸ್ಟೇಜಿನ ಹಲಗೆ ತಂದಿದ್ದೇವೆ. ಒಂಬತ್ತು ಅಡಿ ಉದ್ದ.

ಸಿಮೆಂಟು_ಚೀಲ | 9:34

ಒಂಬತ್ತು ಅಡಿ ಕಡಿದಾಯಿತು, ಹದಿನೆಂಟು ಬೇಕು. ಅವನೊಬ್ಬನೇ ಹತ್ತಬಾರದು. ಹಿಂದೆ ಇಬ್ಬರು ಇರಲಿ, ಇಳಿಯುವಾಗ ಹಿಮ್ಮುಖವಾಗಿ ಇಳಿಸಿ. ಹಲಗೆಯ ಮೇಲಿನ ತುದಿ ಜಾರದ ಹಾಗೆ ಕಟ್ಟಿ. ಒಂದೆರಡು ಸಲಕ್ಕೆ ಸರಿ. ಇದನ್ನೇ ಹತ್ತು ವರ್ಷ ಬಳಸಬೇಡಿ.

ಪುನರ್ಪುಳಿ | 9:41

ಫಾದರ್‌ಗೆ 1967ರ ಸೂಚನೆ ಹೇಳಿದೆ. ನಕ್ಕು "ಇದನ್ನು ನಿನಗೆ ಹೇಳಿಕೊಟ್ಟವರು ಯಾರು" ಅಂದರು. ಶನಿವಾರ ಸಂಜೆಯ ಪೂಜೆಗೆ ಮಾತ್ರ, ಒಂದು ತಿಂಗಳು ಇಳಿದು ನೋಡಿ ಅಂತ ಗಾಯನ ಮಂಡಳಿಗೆ ಹೇಳಿದ್ದಾರೆ. ಇಬ್ಬರು ಮುನಿಸಿಕೊಂಡಿದ್ದಾರೆ. ವಾಟ್ಸ್ಆ್ಯಪ್ ಗುಂಪಿಗೆ ಅವನನ್ನು ಸೇರಿಸಿದರು, ಯಾರೂ ಏನೂ ಬರೆಯಲಿಲ್ಲ. ಒಬ್ಬಳು ಮಾತ್ರ "ಪ್ರಾಕ್ಟೀಸ್ ಗುರುವಾರ 6ಕ್ಕೆ" ಅಂತ ಹಾಕಿದಳು.

ಪುನರ್ಪುಳಿ | ಶನಿವಾರ ರಾತ್ರಿ 10:48

ಆಯಿತು.

ಕೀಬೋರ್ಡ್ ಇಡುವ ಕತ್ತರಿ ಕಾಲಿನ ಸ್ಟ್ಯಾಂಡ್ ವೀಲ್‌ಚೇರ್‌ಗೆ ಆಗುವುದಿಲ್ಲ, ಅದು ಇವತ್ತು ಕಲಿತದ್ದು. ಅಡ್ಡ ಕಾಲು ಮಂಡಿಗೆ ತಾಗುತ್ತದೆ, ಹತ್ತಿರ ಹೋಗಲಾಗುವುದಿಲ್ಲ. ಪೂಜೆಗೆ ಹತ್ತು ನಿಮಿಷ ಇರುವಾಗ ಧರ್ಮೋಪದೇಶದ ಕ್ಲಾಸಿನಿಂದ ಮೇಜು ತಂದು ನಾಲ್ಕು ಇಟ್ಟಿಗೆ ಕೊಟ್ಟು ಎತ್ತರಿಸಿದೆವು. ಪೆಡಲ್ ಬೇಡ ಅಂದ. ಎರಡನೇ ಹಾಡಿನಲ್ಲಿ ಎಲ್ಲೋ ತಪ್ಪಿದ, ನಮಗೆ ಗೊತ್ತಾಗಲಿಲ್ಲ, ಅವನ ಮುಖ ನೋಡಿ ಗೊತ್ತಾಯಿತು. ಪೀಠದಿಂದ ತನ್ನ ಹೆಸರು ಹೇಳಿದರೆ ಅಲ್ಲೇ ಎದ್ದು ಹೋಗುತ್ತೇನೆ ಅಂತ ಫಾದರ್‌ಗೆ ಮೊದಲೇ ಹೇಳಿದ್ದನಂತೆ. "ನೀನು ಎದ್ದು ಹೋದರೆ ಅದೇ ಪವಾಡ" ಅಂದರಂತೆ ಅವರು. ಇಬ್ಬರೂ ನಕ್ಕರಂತೆ. ಹೆಸರು ಹೇಳಲಿಲ್ಲ.

ಪೂಜೆ ಮುಗಿದ ಮೇಲೆ ಹಲಸಿನ ಮರದ ಕೆಳಗೆ ನಮ್ಮದು ಒಂದು ಗುಂಪು ಯಾವಾಗಲೂ ನಿಲ್ಲುತ್ತದೆ. ಅಡಿಕೆ ರೇಟು, ಯಾರ ಮಗನಿಗೆ ಎಲ್ಲಿ ಕೆಲಸ, ಅಂಥದ್ದೇ ಮಾತು. ಐದು ನಿಮಿಷ ಅಂದವನು ಮುಕ್ಕಾಲು ಗಂಟೆ ಹೊರಡಲಿಲ್ಲ. ಸೊಳ್ಳೆ ಕಚ್ಚಿ ನಮಗೆಲ್ಲ ಸಾಕಾಗಿತ್ತು. ಕೊನೆಗೆ ಅವನ ಅಮ್ಮ ಫೋನ್ ಮಾಡಿ ಬೈದರು.

ನರ್ಸಕ್ಕ | 10:55

ಕುಶನ್ ಇತ್ತಲ್ಲ?

ಪುನರ್ಪುಳಿ | 10:56

ಇತ್ತು ಅಕ್ಕ. ಮೈ ಎತ್ತುವುದೂ ಮರೆಯಲಿಲ್ಲ. ನಾನೇ ಗಡಿಯಾರ ನೋಡುತ್ತಿದ್ದೆ, "ನೀನು ನನ್ನ ಅಮ್ಮನಾ" ಅಂದ.

ಗುರ್ಕಾರ್_ಮಾಮ್ | 11:02

ನಮ್ಮ ಪಾಲನಾ ಮಂಡಳಿಯ ಮೀಟಿಂಗ್ ಮುಂದಿನ ಭಾನುವಾರ. ಸಿಮೆಂಟು_ಚೀಲ ಅವರೇ, ನಮ್ಮದು ಐದು ಮೆಟ್ಟಿಲು, ಎತ್ತರ 31 ಇಂಚು. ಅಂದಾಜು ಲೆಕ್ಕ ಹಾಕಿಕೊಡುತ್ತೀರಾ? ಗ್ರಾನೈಟ್ ಬೇಡ.

ಸಿಮೆಂಟು_ಚೀಲ | 11:05

31 ಅಡಿ ಉದ್ದ ಬೇಕು ಮಾಮ್. ಜಾಗದ ಫೋಟೊ ಕಳಿಸಿ, ಭಾನುವಾರದೊಳಗೆ ಕೊಡುತ್ತೇನೆ.

ದುಬೈ_ಬೊಂಡ | 11:09

ಮಾಮ್, ನಿಮ್ಮದು ಯಾವ ಇಗರ್ಜಿ? ಖಾಸಗಿ ಸಂದೇಶ ಕಳಿಸಿ. ಹೆಸರು ಗೋಡೆಯಲ್ಲೂ ಬೇಡ.

ನಾಲ್ಕುಚಕ್ರ | 11:15

ಪುನರ್ಪುಳಿ, ಗುರುವಾರದ ಪ್ರಾಕ್ಟೀಸ್ ಎಲ್ಲಿ? ಅದೂ ಅಟ್ಟದಲ್ಲೇನಾ?

ಪುನರ್ಪುಳಿ | 11:18

ಇಲ್ಲ, ಅವನ ಮನೆಯ ಜಗಲಿಯಲ್ಲಿ. ಅಲ್ಲಿ ಈಗ ಬೇರೆ ಜಗಳ ಶುರುವಾಗಿದೆ. ಪ್ರವೇಶದ ಹಾಡಿನ ಶ್ರುತಿಯನ್ನು ಒಂದು ಪಟ್ಟಿ ಮೇಲಕ್ಕೆ ಏರಿಸಿದ್ದಾನೆ. ಹೆಂಗಸರಿಗೆ ಎಟುಕುವುದಿಲ್ಲವಂತೆ, ಇಳಿಸು ಅಂದರೆ ಇಳಿಸುವುದಿಲ್ಲ.

ಮೂರನೇ_ಸ್ವರ | 11:20

ಈ ಕೀಬೋರ್ಡಿನವರೆಲ್ಲ ಹೀಗೇ! ಇಳಿಸಲು ಹೇಳಿ.